ಮೆಟ್ರೊದಲ್ಲಿ ಮನ್ಸೂರ್, ಅಟ್ಟದಲ್ಲಿ ಗೌಹರ್ ಜಾನ್

ಹೋದ ಸಂಚಿಕೆಯಲ್ಲಿ ಓದುಗರ ಮುಂದೆ ಒಂದೇ ಪ್ರಶ್ನೆ ಇಟ್ಟಿದ್ದೆ: ಈಚೆಗೆ ಹೊಸದಾಗಿ ಏನು ಕೇಳಿದಿರಿ, ಕೇಳಿ ಏನನ್ನಿಸಿತು? ಬಂದ ಪತ್ರಗಳಲ್ಲಿ ಹೆಚ್ಚಿನವು ರಾಜಾಜಿನಗರದಿಂದ ಕೆಂಗೇರಿವರೆಗಿನ ನಮ್ಮ ಪಶ್ಚಿಮ ಬೆಂಗಳೂರಿನ ಕಡೆಯವೇ. ಜಾಗ ಸಾಲದ್ದಕ್ಕೆ ಕೆಲವನ್ನು ಮೊಟಕು ಮಾಡಿದ್ದೇನೆ, ಬೇಸರ ಬೇಡ.

ಪ್ರ: ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಮಾವನವರ ಕಾಲದ ಗ್ರಾಮಾಫೋನ್ ಪ್ಲೇಟುಗಳು ಸಿಕ್ಕವು. ಚೌಡಯ್ಯನವರ ಪಿಟೀಲು, ಬೆಂಗಳೂರು ನಾಗರತ್ನಮ್ಮ, ಗೌಹರ್ ಜಾನ್ ಅಂತ ಲೇಬಲ್ಲುಗಳಿವೆ. ಮೊಮ್ಮಗ ತಂದ ಹೊಸ ರೆಕಾರ್ಡ್ ಪ್ಲೇಯರಿನಲ್ಲಿ ಹಾಕಿದರೆ ಬರೀ ಕರಕರ. ದನಿಗಳೆಲ್ಲ ಸಣ್ಣ ಹುಡುಗಿಯರು ಹಾಡಿದ ಹಾಗೆ ಕೀರಲು. ಒಂದು ಪ್ಲೇಟಿನ ಕೊನೆಯಲ್ಲಂತೂ ಹಾಡಿದ ಆಯಮ್ಮ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ, ನಮಗೆಲ್ಲ ನಗು. ಸ್ಪಿರಿಟ್ ಹಾಕಿ ಒರೆಸಿದರೆ ಕರಕರ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಒರೆಸಲೇ?
— ಗೃಹಿಣಿ, ಬಸವೇಶ್ವರನಗರ

ಉ: ಬೇಡ ತಾಯಿ, ಮೊದಲು ಆ ಸ್ಪಿರಿಟ್ ಬಾಟಲಿಯನ್ನು ಕಪಾಟಿಗೆ ಸೇರಿಸಿ. ಆ ಕಾಲದ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ. ಕಲ್ಲಿನ ನುಣ್ಣನೆ ಪುಡಿಯನ್ನು ಅರಗಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಬಡಗಿಗಳು ಬಾಗಿಲಿಗೆ ಫ್ರೆಂಚ್ ಪಾಲಿಶ್ ಹೊಡೆಯಲು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ನೀವು ಒರೆಸಿದರೆ ಧೂಳಿನ ಜೊತೆ ನಾಗರತ್ನಮ್ಮನವರೂ ಬಟ್ಟೆಗೆ ಅಂಟಿಕೊಂಡು ಬರುತ್ತಾರೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಒಂದು ತೊಟ್ಟು ಬೆರೆಸಿ, ಮೆತ್ತನೆ ಬ್ರಷ್ಷಿನಿಂದ ಗೆರೆ ಹೋದ ದಿಕ್ಕಿಗೇ ಸುತ್ತಲೂ ಉಜ್ಜಿ. ಲೇಬಲ್ಲಿಗೆ ನೀರು ತಾಗಬಾರದು. ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಕರಕರಕ್ಕೆ ಧೂಳಿಗಿಂತ ದೊಡ್ಡ ಕಾರಣ ಮುಳ್ಳು. ಈಗಿನ ಪ್ಲೇಯರಿನ ಮುಳ್ಳು ಎಲ್‌ಪಿಗೆಂದು ಮಾಡಿದ್ದು, ಅದರ ತುದಿಯ ತ್ರಿಜ್ಯ 1 ಮಿಲಿಮೀಟರಿನ 40ರಲ್ಲಿ ಒಂದು ಭಾಗದಷ್ಟೂ ಇರುವುದಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಹಳೆಯ ಪ್ಲೇಟಿನ ಗೆರೆ ಎಲ್‌ಪಿಯ ಗೆರೆಯ ಸುಮಾರು ಮೂರರಷ್ಟು ಅಗಲ. ಸಣ್ಣ ಮುಳ್ಳು ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಕೆರೆಯುತ್ತದೆ. ಹಾಡು ಇರುವುದು ಎರಡೂ ಪಕ್ಕದ ಗೋಡೆಗಳಲ್ಲಿ. 78ಕ್ಕೆಂದೇ ಮಾಡಿದ ಮುಳ್ಳು ಸಿಗುತ್ತದೆ, ಹಾಕಿಸಿ. ಅಲ್ಲಿಯವರೆಗೆ ಆಡಿಸಬೇಡಿ.

ಇನ್ನು ಕೀರಲು ದನಿ. ನಿಮ್ಮ ಪ್ಲೇಯರಿನಲ್ಲಿ 78 ಅಂತ ಗುಂಡಿ ಇರುತ್ತದೆ, ನೀವು ಅದನ್ನೇ ಒತ್ತಿದ್ದೀರಿ. ಆದರೆ 1925ಕ್ಕೆ ಮುಂಚಿನ ಪ್ಲೇಟುಗಳಲ್ಲಿ ವೇಗಕ್ಕೆ ಕಟ್ಟುನಿಟ್ಟು ಇರಲಿಲ್ಲ. ನಿಮಿಷಕ್ಕೆ 70 ಚಿಲ್ಲರೆ ಸುತ್ತಿನಿಂದ 80ರ ಮೇಲಿನವರೆಗೆ, ಆಯಾ ಯಂತ್ರದ ಮರ್ಜಿ. 73ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಅರ್ಧ ಮನೆಗೂ ಮೀರಿ ಮೇಲೇರುತ್ತದೆ. ಐದು ಮನೆಗೆ ಹಾಡಿದವರು ಐದೂವರೆ ದಾಟಿ ಹಾಡಿದ ಹಾಗೆ ಕೇಳುತ್ತಾರೆ, ಕಾಲವೂ ಓಡುತ್ತದೆ. ಎಷ್ಟೋ ಜನ "ಆ ಕಾಲದವರದು ಎಂಥ ಬಿರುಸು, ಎಂಥ ತಾರಸ್ಥಾಯಿ" ಎಂದು ಹೊಗಳುವುದರಲ್ಲಿ ಅರ್ಧ ಪಾಲು ಮೋಟಾರಿಗೆ ಸಲ್ಲಬೇಕು. ಪ್ಲೇಯರಿನಲ್ಲಿ ವೇಗ ಹೊಂದಿಸುವ ತಿರುಪು ಇದ್ದರೆ ನಿಧಾನವಾಗಿ ಇಳಿಸುತ್ತಾ ಬನ್ನಿ. ಅಕ್ಷರಗಳು ಸ್ಪಷ್ಟವಾಗಿ, ದನಿ ದೊಡ್ಡ ಹೆಂಗಸಿನದು ಅನ್ನಿಸುವ ಜಾಗವೊಂದು ಬರುತ್ತದೆ. ಅಲ್ಲೇ ನಿಲ್ಲಿಸಿ.

ಪೂರ್ತಿ ಸರಿಮಾಡಿದರೂ ಆ ದನಿಯಲ್ಲಿ ಕೂಗುವ ಗುಣ ಉಳಿದೇ ಉಳಿಯುತ್ತದೆ. ಮೈಕ್ ಬರುವ ಮುನ್ನ ಹಾಡುವವರು ದೊಡ್ಡ ತಗಡಿನ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಮೆಲ್ಲಗೆ ಹಾಡಿದರೆ ಮೇಣದ ಮೇಲೆ ಗೆರೆಯೇ ಮೂಡುತ್ತಿರಲಿಲ್ಲ. ತಂಬೂರಿಯಂಥ ಮೆಲುದನಿ ಸುಮಾರಾಗಿ ಕಳೆದೇ ಹೋಗುತ್ತಿತ್ತು. ನಾಗರತ್ನಮ್ಮನವರು ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದ ಮಹಾತಾಯಿ. ಅವರ ಗಾಯನವನ್ನು ಆ ತುತ್ತೂರಿ ಹಿಡಿದದ್ದರ ಮೇಲೆ ಮಾತ್ರ ಅಳೆಯುವುದು ನ್ಯಾಯವಲ್ಲ.

ಹೆಸರು ಕೂಗುವುದಕ್ಕೆ ನಕ್ಕಿರಲ್ಲ, ಆ ಆಯಮ್ಮ ಗೌಹರ್ ಜಾನ್. ಫ್ರೆಡ್ ಗೈಸ್‌ಬರ್ಗ್ ಎಂಬಾತ 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಶುರು ಮಾಡಿದಾಗ ಮೊದಲ ಸಾಲಿನಲ್ಲಿ ಹಾಡಿದವರು. ಮುದ್ರಿಸಿದ ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಪ್ಲೇಟು ಒತ್ತುತ್ತಿದ್ದದ್ದು ಅಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯುವುದು ಹೇಗೆ? ಅದಕ್ಕೇ ಹಾಡಿನ ಕೊನೆಗೆ ಹೆಸರು. ಈಕೆ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ತೀರಿಕೊಂಡದ್ದು ಮೈಸೂರಿನಲ್ಲೇ. ನಿಮ್ಮ ಮಾವನವರ ಟ್ರಂಕಿನಲ್ಲಿ ಅವರ ಪ್ಲೇಟು ಇರುವುದರಲ್ಲಿ ಆಶ್ಚರ್ಯವೇನಿಲ್ಲ.

ಚೌಡಯ್ಯನವರ ಪ್ಲೇಟನ್ನು ಕೊನೆಗೆ ಕೇಳಿ. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿದ ಪುಣ್ಯಾತ್ಮರು ಅವರು. ನಾದ ಎಷ್ಟು ದಪ್ಪ ನೋಡಿ. ಪ್ಲೇಟಿನ ಒಂದು ಮಗ್ಗುಲಲ್ಲಿ ಸಿಗುವುದು ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ರಾಗದ ಮುಖ ತೋರಿಸಿ, ಕೃತಿ ಎತ್ತಿ, ಮುಗಿಸಿ ಕೈಮುಗಿಯಬೇಕು. ಮೂರು ಗಂಟೆ ಕಛೇರಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಕಳಚಿಹಾಕಬಹುದಿತ್ತು ಅನ್ನಿಸುವ ಈ ಕಾಲದಲ್ಲಿ ಆ ಮೂರು ನಿಮಿಷ ನನಗೆ ದೊಡ್ಡ ಪಾಠ.

ಪ್ರ: ಸರ್, ನಾನು ಕೆಂಗೇರಿಯಿಂದ ದಿನಾ ಮೆಜೆಸ್ಟಿಕ್‌ವರೆಗೆ ಮೆಟ್ರೊದಲ್ಲಿ ಹೋಗ್ತೀನಿ. ಸಿನಿಮಾ ಹಾಡು ಸಾಕಾಗಿ ಹಿಂದೂಸ್ತಾನಿ ಕೇಳೋಣ ಅಂತ ಹೊರಟೆ. ಭೀಮಸೇನ ಜೋಶಿ ತಕ್ಷಣ ಹಿಡಿಸಿದರು. ಮಲ್ಲಿಕಾರ್ಜುನ ಮನ್ಸೂರರು ಮಾತ್ರ ಹಿಡಿಸಲಿಲ್ಲ. ಎಲ್ಲರೂ ದೊಡ್ಡವರು ಅಂತಾರೆ; ನನಗೋ ಅವರು ಏನೋ ಅವಸರದಲ್ಲಿ ಹಾಡಿ ಮುಗಿಸಿದ ಹಾಗೆ ಕೇಳುತ್ತೆ. ನನ್ನ ಕಿವಿಯ ತಪ್ಪೇ?
— ಐಟಿ ನೌಕರ, ಕೆಂಗೇರಿ ಉಪನಗರ

ಉ: ಕಿವಿಯದ್ದಲ್ಲ, ರೈಲಿನದ್ದು ಸ್ವಲ್ಪ, ಅಭ್ಯಾಸದ್ದು ಸ್ವಲ್ಪ.

ಜೋಶಿಯವರದು ಕಿರಾನಾ ಘರಾಣೆ. ವಿಲಂಬಿತ ಏಕತಾಲದಲ್ಲಿ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷ ಹಿಡಿದರೂ ಹಿಡಿಯಿತು. ಒಂದೊಂದೇ ಸ್ವರದ ಮೇಲೆ ನಿಂತು, ಅದನ್ನು ತುಂಬಿಸಿ, ಮೇಲಿನದಕ್ಕೆ ಹೋಗುತ್ತಾರೆ. ಕೇಳುವವನಿಗೆ ಉಸಿರಾಡಲು ಜಾಗವಿದೆ. ಮನ್ಸೂರರು ಮಿರಜಿನಲ್ಲಿ ನೀಲಕಂಠ ಬುವಾ ಅಲೂರಮಠರ ಹತ್ತಿರ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಜೈಪುರ–ಅತ್ರೌಲಿಯ ಗಾಯಕಿಯನ್ನು ಮೈಗೂಡಿಸಿಕೊಂಡವರು. ಇಲ್ಲಿ ಲಯ ಮಧ್ಯದ್ದು. ಮುಂಚೆ ಆಲಾಪ, ಆಮೇಲೆ ತಾಳ ಎನ್ನುವ ವಿಂಗಡಣೆ ಕಡಿಮೆ. ಆಲಾಪವನ್ನೂ ತಾಳದೊಳಗೇ ಹೆಣೆಯುತ್ತಾರೆ. ಒಂದು ಸ್ವರಗುಚ್ಛದ ಬಾಲ ಹಿಡಿದು ಇನ್ನೊಂದು ಹೊರಡುತ್ತದೆ, ಎಲ್ಲಿ ಉಸಿರು ತೆಗೆದುಕೊಂಡರು ಎಂದು ಹುಡುಕಬೇಕು. ಅವಸರ ಅಂತ ನಿಮಗೆ ಕೇಳಿದ್ದು ಇದೇ.

ಹೀಗೆ ಮಾಡಿ. ರಾಗ, ಸ್ವರ ಎಲ್ಲ ಬಿಟ್ಟು ಮೊದಲ ಸಲ ತಬಲಾ ಮಾತ್ರ ಕೇಳಿ. ತೀನ್‌ತಾಲವಾದರೆ 16 ಮಾತ್ರೆ, ತೊಡೆಯ ಮೇಲೆ ಬೆರಳಲ್ಲಿ ಎಣಿಸಿ. ಒಂದನೇ ಮಾತ್ರೆ ಸಮ್. ಎರಡನೇ ಸಲ, ಹಾಡಿನ ಮೊದಲ ಸಾಲು ಪ್ರತಿ ಆವರ್ತಕ್ಕೂ ಸಮ್‌ಗೆ ಹೇಗೆ ಬಂದು ಕೂರುತ್ತದೆ ನೋಡಿ. ಮನ್ಸೂರರು ಎಂಟನೇ ಮಾತ್ರೆಯಲ್ಲಿ ಎಲ್ಲೋ ದೂರ ಹೋಗಿರುತ್ತಾರೆ. ಹನ್ನೆರಡರಲ್ಲೂ ವಾಪಸು ಬರುವ ಲಕ್ಷಣವಿಲ್ಲ. ಇನ್ನೇನು ತಪ್ಪಿತು ಅನ್ನುವಾಗ ಸಾಲು ಹಿಡಿದು ಸಮ್‌ಗೆ ಸರಿಯಾಗಿ ಇಳಿಯುತ್ತಾರೆ. ಈ ಆಟ ಒಮ್ಮೆ ಹತ್ತಿತೋ, ಅವಸರದ ಮಾತು ನೀವೇ ಆಡುವುದಿಲ್ಲ. ಸಂಪೂರ್ಣ ಮಾಲಕೌಂಸ್‌ನಿಂದ ಶುರು ಮಾಡಿ. ಮಾಲಕೌಂಸ್‌ನಲ್ಲಿ ರಿಷಭ, ಪಂಚಮ ಇಲ್ಲ. ಇದರಲ್ಲಿ ಎರಡೂ ಬರುತ್ತವೆ. ಜೋಶಿಯವರ ಮಾಲಕೌಂಸ್ ನಿಮ್ಮ ಕಿವಿಯಲ್ಲಿ ಈಗಾಗಲೇ ಇದ್ದರೆ, ಆ ಪಂಚಮ ಬಂದ ಕೂಡಲೇ ಗೊತ್ತಾಗುತ್ತದೆ.

ಈಗ ರೈಲಿನ ಮಾತು. ಮಾಗಡಿ ರಸ್ತೆ ನಿಲ್ದಾಣ ಬಿಟ್ಟ ಮೇಲೆ ಗಾಡಿ ಸುರಂಗಕ್ಕೆ ಇಳಿಯುತ್ತದಲ್ಲ, ಅಲ್ಲಿಂದ ಮುಂದೆ ಮೆಲುದನಿಯ ಸಂಗೀತ ಕೇಳುವುದೇ ದಂಡ. ಭಾರಿ ಸದ್ದಿನಲ್ಲಿ ಮೊದಲು ಮುಳುಗುವುದು ತಂಬೂರಿ. ತಂಬೂರಿ ಹೋದರೆ ಮನ್ಸೂರರ ಸ್ವರ ಯಾವುದಕ್ಕೆ ಒರಗಿದೆ ಎಂದು ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಕಿವಿಗೆ ಕೇಡು. ಫೋನಿನಲ್ಲಿ ಬೇಸ್ ಬೂಸ್ಟ್ ಇದ್ದರೆ ತೆಗೆದುಹಾಕಿ, ಅದು ತಬಲೆಯ ಎಡವನ್ನು ಉಬ್ಬಿಸಿ ಉಳಿದದ್ದನ್ನು ಮುಚ್ಚುತ್ತದೆ. ಕೆಂಗೇರಿಯಿಂದ ವಿಜಯನಗರದವರೆಗೆ ಮನ್ಸೂರ್, ಅಲ್ಲಿಂದಾಚೆ ಹಳೆಯ 78ರ ಮುದ್ರಿಕೆಗಳು. ಅಬ್ದುಲ್ ಕರೀಂ ಖಾನರದ್ದು ಹಾಕಿಕೊಳ್ಳಿ: ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು, ಜೋಶಿಯವರಿಗೆ ಗುರುವಿನ ಗುರು. ಮೂರು ನಿಮಿಷದ ತುಣುಕು, ದನಿ ಮುಂದಕ್ಕೆ ಚಾಚಿರುತ್ತದೆ, ಸುರಂಗದಲ್ಲೂ ಉಳಿಯುತ್ತದೆ. ಪಕ್ಕದ ಸೀಟಿನವರು ಸ್ಪೀಕರಿನಲ್ಲಿ ರೀಲ್ಸ್ ಹಾಕಿದ್ದರೆ ಮಾತ್ರ ಯಾವ ಘರಾಣೆಯೂ ಕಾಪಾಡದು.

ಪ್ರ: ಮಗಳು ಸಂಗೀತ ಕ್ಲಾಸಿಗೆ ಹೋಗುತ್ತಾಳೆ. ಬೆಳಿಗ್ಗೆ ಅಡುಗೆ ಮನೆಯಲ್ಲಿ ರೇಡಿಯೊದ ಅಮೃತವರ್ಷಿಣಿ ವಾಹಿನಿ ಹಾಕಿರುತ್ತೇನೆ. ಮೊನ್ನೆ ಹಿಂದೂಸ್ತಾನಿ ಗಾಯನ ಬರುತ್ತಿತ್ತು, ರಾಗ ತೋಡಿ ಅಂದರು. ಮಗಳು, "ಇದು ತೋಡಿ ಅಲ್ಲಮ್ಮ, ನಮ್ಮ ಮಿಸ್ ಹೇಳಿಕೊಟ್ಟ ಶುಭಪಂತುವರಾಳಿ" ಅಂತ ಹಟ ಹಿಡಿದಳು. ರೇಡಿಯೊದವರು ತಪ್ಪು ಹೇಳುತ್ತಾರೆಯೇ?
— ತಾಯಿ, ರಾಜಾಜಿನಗರ 1ನೇ ಬ್ಲಾಕ್

ಉ: ರೇಡಿಯೊದವರು ಸರಿ, ಮಗಳು ಇನ್ನೂ ಸರಿ. ಆ ವಯಸ್ಸಿಗೆ ಅಷ್ಟು ಗುರುತಿಸಿದಳಲ್ಲ, ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ.

ಉತ್ತರದ ತೋಡಿಯ ಸ್ವರಗಳು ನಮ್ಮ 45ನೇ ಮೇಳ ಶುಭಪಂತುವರಾಳಿಯವು, ಪ್ರತಿಮಧ್ಯಮ ಇದೆ. ನಮ್ಮ ತೋಡಿ 8ನೇ ಮೇಳ, ಶುದ್ಧ ಮಧ್ಯಮ. ಅದರ ಸ್ವರಗಳನ್ನು ಉತ್ತರದವರು ಭೈರವಿ ಎನ್ನುತ್ತಾರೆ. ನಮ್ಮ ಭೈರವಿ ಮತ್ತೆ ಬೇರೆ, 20ನೇ ಮೇಳದ ಮಗು. ಹಿಂದೋಳ ನಮ್ಮದು, ಅವರಲ್ಲಿ ಅದು ಮಾಲಕೌಂಸ್. ಅವರ ಹಿಂದೋಲ್ ಇನ್ನೇನೋ. ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ಆದರೆ ಸ್ವರ ಒಂದೇ ಆದಮಾತ್ರಕ್ಕೆ ರಾಗ ಒಂದೇ ಅಲ್ಲ ಎನ್ನುವುದನ್ನೂ ಮಗಳಿಗೆ ಈಗಲೇ ಕಿವಿಯ ಮೇಲೆ ಹಾಕಿ. ಒಂದು ಭಾನುವಾರ ನಾಗಸ್ವರದ ಟಿ.ಎನ್. ರಾಜರತ್ನಂ ಪಿಳ್ಳೆಯವರ ತೋಡಿ ಹಾಕಿ, ಗಾಂಧಾರ ಒಂದು ಕಡೆ ನಿಲ್ಲದೆ ತೂಗಾಡುವುದನ್ನು ತೋರಿಸಿ. ಅದರ ಹಿಂದೆಯೇ ಭೀಮಸೇನ ಜೋಶಿಯವರ ಮಿಯಾಂ ಕಿ ತೋಡಿ ಹಾಕಿ. ಅದೇ ಕೋಮಲ ಗಾಂಧಾರ ಇಲ್ಲಿ ನೇರವಾಗಿ, ತುಸು ಇಳಿದ ಹಾಗೆ ನಿಂತಿರುತ್ತದೆ. ಎರಡರ ವ್ಯತ್ಯಾಸವನ್ನು ಅವಳೇ ಹಾಡಿ ತೋರಿಸಲಿ. ಮೇಳದ ಸಂಖ್ಯೆ ಬಾಯಿಪಾಠ ಆಮೇಲೆ ಮಾಡಿದರಾಯಿತು. ಅಂದಹಾಗೆ, ನಿಮ್ಮ ಅಮೃತವರ್ಷಿಣಿ 100.1 ಬರೀ ಶಾಸ್ತ್ರೀಯ ಸಂಗೀತಕ್ಕೆಂದು ಮೀಸಲಿಟ್ಟ ವಾಹಿನಿ. ದೇಶದಲ್ಲಿ ಇಂಥ ಭಾಗ್ಯ ಎಲ್ಲ ಊರಿಗೂ ಇಲ್ಲ. ಕುಕ್ಕರ್ ಕೂಗುವ ಹೊತ್ತು ಬಿಟ್ಟು ಕೇಳಿ.

ಪ್ರ: ಆಟೊ ಓಡಿಸ್ತೀನಿ ಸಾರ್. ರಾಜನ್–ನಾಗೇಂದ್ರ ಹಾಡುಗಳ ಪೆನ್‌ಡ್ರೈವ್ ಇದೆ, ದಿನವೆಲ್ಲಾ ಅದೇ. ಮೊನ್ನೆ ಒಬ್ಬರು ದೊಡ್ಡ ಮನುಷ್ಯರು ಹತ್ತಿ, "ಸಿನಿಮಾ ಹಾಡು ಸಂಗೀತ ಅಲ್ಲಪ್ಪ" ಅಂದುಬಿಟ್ಟರು. ಬೇಜಾರಾಯ್ತು.
— ಕಾಮಾಕ್ಷಿಪಾಳ್ಯ

ಉ: ಮುಂದಿನ ಸಲ ಅವರು ಸಿಕ್ಕರೆ 1966ರ 'ಸಂಧ್ಯಾರಾಗ'ದ ಹಾಡುಗಳನ್ನು ಹಾಕಿಬಿಡಿ. ಅನಕೃ ಕಾದಂಬರಿ, ಜಿ.ಕೆ. ವೆಂಕಟೇಶ್ ಸಂಗೀತ, ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣ ಅವರೂ ಹಾಡಿದ್ದಾರೆ. ಆಗಲೂ ಸಂಗೀತ ಅಲ್ಲ ಅಂದರೆ ಮೀಟರ್ ಮೇಲೆ ಒಂದೂವರೆ ಕೇಳಿ. 1975ರ 'ಹಂಸಗೀತೆ'ಗೆ ಹಾಡಿದ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು.

ರಾಜನ್–ನಾಗೇಂದ್ರರಿಗೆ ಈ ಸಾಕ್ಷಿಗಳೂ ಬೇಕಿಲ್ಲ. 'ಎರಡು ಕನಸು', 'ಬಯಲು ದಾರಿ' ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳು ಬರುತ್ತವಲ್ಲ, ಅಷ್ಟನ್ನೇ ಗಮನವಿಟ್ಟು ಕೇಳಿ. ಹಾಡುವವರು ಬಿಟ್ಟ ಕಡೆಯಿಂದ ಕೊಳಲೋ ಪಿಟೀಲುಗಳೋ ಎತ್ತಿಕೊಂಡು, ಅವರು ಮತ್ತೆ ಶುರುಮಾಡಬೇಕಾದ ಸ್ವರದ ಬಾಗಿಲಿಗೇ ತಂದು ಬಿಡುತ್ತವೆ. ಚರಣ ಎತ್ತಲು ಗಾಯಕರು ತಡಕಾಡುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿ, ಓಡಿಸುವಾಗ ಬೇಡ.

ಪ್ರ: ರಾಮನವಮಿ ಕಛೇರಿಗೆ ತಪ್ಪದೆ ಹೋಗುತ್ತೇನೆ. ತನಿ ಆವರ್ತನ, ಅಂದರೆ ತಾಳವಾದ್ಯದವರೇ ನುಡಿಸುವ ಭಾಗ, ಬಂದ ಕೂಡಲೇ ಸಭೆಯ ಅರ್ಧ ಜನ ಕಾಫಿಗೆ ಏಳುತ್ತಾರೆ. ಅವರಲ್ಲಿ ನಾನೂ ಒಬ್ಬ. ಕೂತು ಕೇಳಿದರೂ ಏನೂ ಅರ್ಥವಾಗದು. ಏನು ಮಾಡಲಿ?
— ನಿವೃತ್ತ ಉಪಾಧ್ಯಾಯರು, ವಿಜಯನಗರ

ಉ: ಕಾಫಿಯನ್ನು ತನಿಗೆ ಮುಂಚೆಯೇ ಕುಡಿದುಬಿಡಿ. ಆಮೇಲೆ ಸ್ಪೀಕರಿನ ಮುಂದಿಂದ ಎದ್ದು ವೇದಿಕೆಗೆ ಹತ್ತಿರ, ಮೃದಂಗದ ಬಲಗಡೆ ಕಾಣುವಂತೆ ಕೂರಿ. ಚಪ್ಪರದ ಸ್ಪೀಕರುಗಳಲ್ಲಿ ಮೃದಂಗದ ಎಡ ಗುಂಯ್‌ಗುಡುತ್ತದೆ, ಬಲದ ಸಣ್ಣ ಸೊಲ್ಲುಗಳು ಅದರಲ್ಲಿ ಹೂತುಹೋಗುತ್ತವೆ. ನಿಮಗೆ ಅರ್ಥವಾಗದಿರುವುದಕ್ಕೆ ಅರ್ಧ ಕಾರಣ ಅದೇ ಇರಬೇಕು. ಬಹಳಷ್ಟು ಸಲ ಆದಿತಾಳ. ಹಾಡುವವರ ಕೈ ನೋಡಿಕೊಂಡು ನೀವೂ ಹಾಕಿ. ಘಟವೋ ಖಂಜೀರವೋ ಜೊತೆಗಿದ್ದರೆ ಸರದಿ ಮೇಲೆ ನುಡಿಸುತ್ತಾ, ಒಬ್ಬೊಬ್ಬರ ಪಾಲು ಅರ್ಧರ್ಧವಾಗಿ ಕಿರಿದಾಗುತ್ತಾ ಬರುತ್ತದೆ. ಕೊನೆಗೆ ಎಲ್ಲರೂ ಸೇರಿ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸುತ್ತಾರೆ. ಮೊದಲ ಸಲ ತಿಳಿಯದು, ಎರಡನೇ ಸಲ ಸುಳಿವು ಸಿಗುತ್ತದೆ, ಮೂರನೆಯದಕ್ಕೆ ನಿಮ್ಮ ಕೈ ತಾನಾಗಿ ಎಡುಪ್ಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಿದ್ದಿರುತ್ತದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಲಿಯ ಚಪ್ಪರಕ್ಕೆ ಹೋಗುವವರಾದರೆ, 1939ರಿಂದ ನಡೆದುಬಂದಿರುವ ಆ ಉತ್ಸವದಲ್ಲಿ ತನಿಗೆಂದೇ ಬರುವ ರಸಿಕರಿದ್ದಾರೆ. ಅಂಥವರೊಬ್ಬರ ಪಕ್ಕದಲ್ಲಿ ಜಾಗ ಹಿಡಿಯಿರಿ.

ಪ್ರ: ನಮಸ್ಕಾರ ಮಾರಾಯ್ರೇ. ನಮ್ಮದು ಬ್ರಹ್ಮಾವರದ ಹತ್ತಿರ, ಹೋಟೆಲ್ ಕೆಲಸಕ್ಕೆ ಬೆಂಗಳೂರಿಗೆ ಬಂದು ಇಲ್ಲೇ ಉಳಿದದ್ದು. ಊರಿನ ಮನೆ ಖಾಲಿ ಮಾಡುವಾಗ ಅಪ್ಪಯ್ಯ ಯಕ್ಷಗಾನದ ಆಟದಲ್ಲಿ ಕೂತು ರೆಕಾರ್ಡ್ ಮಾಡಿದ ಕಾಳಿಂಗ ನಾವುಡರ ಕ್ಯಾಸೆಟ್ಟುಗಳು ಸಿಕ್ಕಿದವು. ಕೆಲವಕ್ಕೆ ಬೂಸ್ಟು ಬಂದಿದೆ. ಅಂಗಡಿಯವನೊಬ್ಬ "ಎಲ್ಲಾ ನಾಯ್ಸ್ ತೆಗೆದು ಕ್ಲೀನ್ ಮಾಡಿ ಎಂಪಿ3 ಮಾಡಿ ಕೊಡ್ತೇನೆ" ಅಂತ ಹೇಳಿದ. ಕೊಡಲಾ? ಇನ್ನೊಂದು, ಮಗ ಹೇಳ್ತಾನೆ, ಯಕ್ಷಗಾನ ಸಂಗೀತದ ಲೆಕ್ಕಕ್ಕೆ ಬರೂದಿಲ್ಲ ಅಂತ.
— ವಿಜಯನಗರ

ಉ: ಎರಡನೇ ಪ್ರಶ್ನೆಗೆ ಮೊದಲು. ಗುಂಡ್ಮಿಯ ಭಾಗವತ ಕಾಳಿಂಗ ನಾವುಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಅವರ ಪದ್ಯ ಕೇಳಲೆಂದೇ ಜನ ಸೇರುತ್ತಿದ್ದರು. 'ನಾಗಶ್ರೀ' ಪ್ರಸಂಗ ಬರೆದವರೂ ಅವರೇ. ಚಂಡೆಯ ಅಬ್ಬರದ ಮೇಲೆ ದನಿ ಒಡೆಯದೆ, ಸಾಹಿತ್ಯ ನುಂಗದೆ, ವೇಷಧಾರಿಯ ಹೆಜ್ಜೆ ನೋಡಿಕೊಂಡು ರಾಗವನ್ನು ಹಿಗ್ಗಿಸುವುದು ಕುಗ್ಗಿಸುವುದು ಕಛೇರಿಯ ಗಾಯಕರಿಗೂ ಸುಲಭದ ಕೆಲಸವಲ್ಲ. ಮಗನನ್ನು ಒಂದು ರಾತ್ರಿ ಬಯಲಾಟಕ್ಕೆ ಕರೆದುಕೊಂಡು ಹೋಗಿ, ಆಮೇಲೆ ಲೆಕ್ಕ ಹಾಕಲಿ.

ಕ್ಯಾಸೆಟ್ಟನ್ನು ಅಂಗಡಿಗೆ ಹಾಗೇ ಕೊಡಬೇಡಿ. ನಾಯ್ಸ್ ತೆಗೆಯುವ ಸಾಫ್ಟ್‌ವೇರಿಗೆ ಟೇಪಿನ ಸುಯ್‌ ಸದ್ದು ಯಾವುದು, ಭಾಗವತರ ಕೈತಾಳದ ಕಿಣಿಕಿಣಿ ಯಾವುದು ಎಂದು ತಿಳಿಯದು. ಎರಡೂ ಇರುವುದು ಮೇಲಿನ ಕಂಪನಗಳಲ್ಲೇ. ಜೋರಾಗಿ ಒರೆಸಿದರೆ ತಾಳ ಹೋಗುತ್ತದೆ, ಚಂಡೆ ಒದ್ದೆ ರಟ್ಟಿನ ಮೇಲೆ ಬಡಿದ ಹಾಗಾಗುತ್ತದೆ, ಜನರ ಕೇಕೆಯೂ ಮಾಯ. ಆಟದ ಪದ್ಯವನ್ನು ಆ ಗದ್ದಲದಿಂದ ಬಿಡಿಸಿ ಇಟ್ಟರೆ ನಾವುಡರು ಯಾಕೆ ಅಲ್ಲಿ ಏರು ಶ್ರುತಿ ಹಿಡಿದರು ಎನ್ನುವುದೇ ಗೊತ್ತಾಗುವುದಿಲ್ಲ.

ಬೂಸ್ಟು ಬಂದವನ್ನು ಬೇರೆ ತೆಗೆದಿಡಿ. ಅವನ್ನು ಹಾಕಿದ ಯಂತ್ರದಿಂದ ಉಳಿದವಕ್ಕೂ ಹರಡುತ್ತದೆ. ಒಳ್ಳೆಯವನ್ನು ಮೊದಲು ಒಂದು ಸಲ ಈ ತುದಿಯಿಂದ ಆ ತುದಿಗೆ ಸುತ್ತಿ, ವಾಪಸು ಸುತ್ತಿ. ವರ್ಷಗಟ್ಟಲೆ ಒಂದೇ ಕಡೆ ಅಂಟಿ ಕೂತ ಟೇಪು ಸಡಿಲವಾಗುತ್ತದೆ. ಟೇಪಿನ ಹಿಂದೆ ಸಣ್ಣ ಸ್ಪಂಜಿನ ತುಂಡು ಇರುತ್ತದೆ, ಅದು ಉದುರಿದ್ದರೆ ಹಾಳು ಕ್ಯಾಸೆಟ್ಟಿನಿಂದ ತೆಗೆದು ಕೂರಿಸಬಹುದು. ಅಗ್ಗದ ಯುಎಸ್‌ಬಿ ವಾಕ್‌ಮನ್ ಬೇಡ, ವೇಗ ನಿಲ್ಲುವುದಿಲ್ಲ. ಗೆಳೆಯರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಡೆಕ್ ಇದ್ದರೆ ಹೆಡ್ ಒರೆಸಿ ಬಳಸಿ. ದನಿ ಕಂಬಳಿಯೊಳಗಿಂದ ಬಂದಂತಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿ, ಕೈತಾಳ ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿ ಬಿಡಿ. ಕಂಪ್ಯೂಟರಿಗೆ ಇಳಿಸುವಾಗ ಮೊದಲು ಡಬ್ಲ್ಯೂಎವಿ, 44.1 ಕಿಲೊಹರ್ಟ್ಸ್, 16 ಬಿಟ್. ಎಂಪಿ3 ಅದರಿಂದ ಆಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಿ. ನಡುವೆ ನಿಲ್ಲಿಸಬೇಡಿ, ವೇಷ ಬದಲಾಯಿಸುವ ಹೊತ್ತಿನ ಬರೀ ಚಂಡೆಯೂ ಇರಲಿ.

ಅಪ್ಪಯ್ಯ ಕ್ಯಾಸೆಟ್ಟಿನ ಕಾಗದದ ಮೇಲೆ ಊರು, ಪ್ರಸಂಗ, ತಾರೀಖು ಬರೆದಿದ್ದರೆ ಅದರ ಫೋಟೊ ತೆಗೆದು ಫೈಲಿನ ಜೊತೆಗೇ ಇಡಿ. ಬರೆದಿರದಿದ್ದರೆ ಊರಿನ ಹಿರಿಯರಿಗೆ ಒಂದೊಂದನ್ನೂ ಫೋನಿನಲ್ಲೇ ಕೇಳಿಸಿ. ಎದುರು ಚಂಡೆ ಯಾರದು, ಮದ್ದಳೆ ಯಾರದು ಎಂದು ಎರಡು ಪೆಟ್ಟಿನಲ್ಲಿ ಹೇಳುವವರು ಇನ್ನೂ ಇದ್ದಾರೆ. ಬೂಸ್ಟು ಬಂದವನ್ನೂ ಎಸೆಯಬೇಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ ಮುಚ್ಚಿಡಿ. ಶುಚಿ ಮಾಡುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.